ಮಕ್ಕಳ ಉಸಿರು ಕಾದ ಡಾಕ್ಟರ್ ಟ್ರೂಸೋ

ಗಂಟಲಮಾರಿಯ ಹೆಸರು ಕೇಳಿದೊಡನೆ ತಾಯಂದಿರ ಎದೆ ನಡುಗುತ್ತಿದ್ದ ಕಾಲವೊಂದಿತ್ತು. ಗಂಟಲಿನೊಳಗೆ ಬೂದುಬಣ್ಣದ ಪೊರೆ ಬೆಳೆದು ಶ್ವಾಸಮಾರ್ಗವನ್ನು ಮುಚ್ಚುವುದು. ಕೂಸು ಕಣ್ಣೆದುರಿನಲ್ಲೇ ಉಸಿರುಕಟ್ಟಿ ಸಾಯುವುದು. ಅಂಥ ಮಕ್ಕಳ ಕೊರಳಿನಲ್ಲಿ ರಂಧ್ರ ಮಾಡಿ, ನಳಿಕೆಯಿರಿಸಿ ಉಸಿರಾಡಿಸುವ ವಿದ್ಯೆಯನ್ನು ಬಳಕೆಗೆ ತಂದವರಲ್ಲಿ ಫ್ರಾನ್ಸಿನ ಅರ್ಮಾಂ ಟ್ರೂಸೋ ಅಗ್ರಗಣ್ಯರು.

1801ರಲ್ಲಿ ತೂರ್ ಪಟ್ಟಣದಲ್ಲಿ ಜನಿಸಿದ ಟ್ರೂಸೋ ಮೊದಲು ಉಪಾಧ್ಯಾಯರಾಗಿದ್ದರು. ಅದೇ ಊರಿನ ವೈದ್ಯ ಬ್ರೆತೊನೊ ಅವರ ಶಿಷ್ಯರಾಗಿ ವೈದ್ಯವೃತ್ತಿಗೆ ತಿರುಗಿದರು. ಗುರುಗಳು ಈ ಶಸ್ತ್ರಕ್ರಿಯೆಯಲ್ಲಿ ಹಿಂದೆ ಸೋತಿದ್ದರೂ ಧೈರ್ಯಗೆಡದೆ, 1825ರಲ್ಲಿ ಮಿತ್ರರೊಬ್ಬರ ಪುಟ್ಟ ಮಗಳನ್ನು ಅದರಿಂದಲೇ ಬದುಕಿಸಿದ್ದರು. ಶಿಷ್ಯರು ಆ ವಿದ್ಯೆಯನ್ನು ಪ್ಯಾರಿಸ್ಸಿಗೆ ಒಯ್ದರು. 1848ರಲ್ಲಿ ಶಾಸನಸಭೆಯ ಸದಸ್ಯರಾದದ್ದೂ ಉಂಟು; ಆ ರಾಜಕೀಯವನ್ನು ನಾವಿಲ್ಲಿ ಬೆಳೆಸುವುದಿಲ್ಲ.

ನಮಗೆ ಅವರು ದೊಡ್ಡವರಾಗಿ ಕಾಣುವುದು ಕತ್ತಿಯ ಕೌಶಲದಿಂದಲ್ಲ, ಆಮೇಲಿನ ಆರೈಕೆಯಿಂದ. ರಂಧ್ರ ಮಾಡುವುದು ಕೆಲವು ನಿಮಿಷಗಳ ಕೆಲಸ. ನಳಿಕೆಯನ್ನು ಕಾಯುವುದು ಹಗಲಿರುಳಿನ ಕೆಲಸ. ಹೊರಗಿನ ಗಾಳಿಯನ್ನು ಬೆಚ್ಚಗೆ ಮಾಡಿ ತೇವಗೊಳಿಸುವುದು ಮೂಗು. ನಳಿಕೆಯ ಗಾಳಿ ಮೂಗನ್ನು ಹಾಯದೆ ನೇರವಾಗಿ ಒಳಹೋಗುವುದರಿಂದ ಕಫವು ಒಣಗಿ ಗಟ್ಟಿಯಾಗುವುದು. ಹೋಟೆಲಿನ ಬಚ್ಚಲ ಕೊಳವೆ ಕಟ್ಟಿಕೊಂಡರೆ ಬೆಳಗಾಗುವ ತನಕ ಬಿಡಬಹುದು. ಕೂಸಿನ ನಳಿಕೆ ಕಟ್ಟಿಕೊಂಡರೆ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ. ಗಾಳಿ ಧ್ವನಿತಂತುಗಳನ್ನು ಮುಟ್ಟದ ಕಾರಣ ಮಗುವಿನ ಅಳುವೂ ಕೇಳಿಸದು. ಆದುದರಿಂದ ಕಾವಲಿರುವವರು ಕಿವಿಯನ್ನು ನೆಚ್ಚದೆ ಕಣ್ಣಿಟ್ಟೇ ನೋಡಬೇಕು.

ಟ್ರೂಸೋ ಒಂದರೊಳಗೊಂದು ಕೂಡುವ ಜೋಡಿ ನಳಿಕೆಯನ್ನೇ ಬಳಸಬೇಕೆಂದು ಹಟ ಹಿಡಿದರು. ಒಳನಳಿಕೆಯನ್ನು ತೆಗೆದು ತೊಳೆಯುವಾಗ ಹೊರನಳಿಕೆ ದಾರಿಯನ್ನು ತೆರೆದಿಡುವುದು. ಕೊರಳ ಸುತ್ತ ತೆಳುವಸ್ತ್ರವನ್ನು ಸಡಿಲವಾಗಿ ಸುತ್ತಿಸಿದರು. ಮೂಗಿನ ಕೆಲಸವನ್ನು ಆ ಬಟ್ಟೆ ವಹಿಸಿಕೊಂಡಿತು. ಆದರೂ ಅನೇಕ ಮಕ್ಕಳು ಉಳಿಯಲಿಲ್ಲವೆಂಬುದು ನಿಜ.

ಕ್ಯಾನ್ಸರಿಗೂ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಟ್ಟವರು ಅವರೇ. 1867ರಲ್ಲಿ ಆ ಲಕ್ಷಣವನ್ನು ತಮ್ಮ ದೇಹದಲ್ಲೇ ಕಂಡು, ಅಂತ್ಯ ಸಮೀಪಿಸಿತೆಂದು ಅರಿತರು; ಅದೇ ವರ್ಷದ ಜೂನಿನಲ್ಲಿ ತೀರಿಕೊಂಡರು.

1890ರ ದಶಕದಲ್ಲಿ ಸೀರಂ ಚಿಕಿತ್ಸೆಯೂ ಅನಂತರ ಲಸಿಕೆಯೂ ಬಂದು ಗಂಟಲಮಾರಿಯ ಕಾಟ ಬಹುಮಟ್ಟಿಗೆ ಇಳಿಯಿತು. ನಳಿಕೆ ಮಾತ್ರ ಉಳಿದಿದೆ. ಹುಟ್ಟಿನಿಂದಲೇ ಶ್ವಾಸಮಾರ್ಗ ಕಿರಿದಾದ ಮಕ್ಕಳು ಅದನ್ನು ಧರಿಸಿ ಈಗ ಮನೆಗೇ ಬರುತ್ತಾರೆ. ಕಫ ಹೀರುವ ಯಂತ್ರ, ತೇವ ಹಿಡಿದಿಡುವ ಪುಟ್ಟ ಮುಚ್ಚಳ, ಹಾಸಿಗೆಯ ಬಳಿ ಸಿದ್ಧವಾಗಿರುವ ಇನ್ನೊಂದು ನಳಿಕೆ, ಇವುಗಳೊಡನೆ ತಾಯಿತಂದೆಯರು ಸರದಿಯ ಮೇಲೆ ಎಚ್ಚರವಿರುತ್ತಾರೆ.