ಹರ್ಮನ್ ಮೋಗ್ಲಿಂಗ್ ಬೋಧಕರ ಚರಿತ್ರೆ

ದೇವರು ಇಂದಿಗೂ ತನ್ನ ಜನರೊಡನೆ ಮಾತಾಡುತ್ತಾನೆಂಬದನ್ನು ನಮ್ಮ ಸಭೆಗಳಲ್ಲಿ ಅಲ್ಲಗಳೆಯುವವರು ವಿರಳ. ಆದರೆ ಆ ಸ್ವರವನ್ನು ಗುರುತಿಸುವದು ಹೇಗೆ, ನಮ್ಮ ಸ್ವಂತ ಆಶೆಯ ಸದ್ದನ್ನೇ ಆತನ ಸ್ವರವೆಂದು ಎಣಿಸಿ ಮೋಸಹೋಗದಿರುವದು ಹೇಗೆ ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ಬಾಲಕನಾದ ಸಮುವೇಲನು ಸಹ ದೇವಾಲಯದಲ್ಲಿ ಮಲಗಿದ್ದಾಗ ಕರೆಯನ್ನು ಕೇಳಿ ಮೂರು ಸಾರಿ ಏಲಿಯ ಬಳಿಗೇ ಓಡಿಹೋದನಷ್ಟೆ. ಕಮ್ಮರಡಿ, ಕೊಪ್ಪ, ಶೃಂಗೇರಿಯ ಕಡೆಯ ನಮ್ಮ ಮನೆಗಳಲ್ಲಿ ಆಷಾಢದ ಮಳೆ ಹಿಡಿದಾಗ ಹತ್ತಿರ ಕೂತವರ ಮಾತೂ ಕಿವಿಗೆ ಬೀಳುವದು ಕಷ್ಟ. ಕಿವಿಗೊಟ್ಟು ಕೂತರೆ ಮಾತ್ರ ಕೇಳಿಸುತ್ತದೆ. ಹೀಗೆ ಕಿವಿಗೊಡುವದನ್ನು ಮೆಲ್ಲಮೆಲ್ಲನೆ, ಹಲವು ಪೆಟ್ಟುಗಳನ್ನು ತಿಂದು ಕಲಿತ ಒಬ್ಬರ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ. ಅವರ ಹೆಸರು ಕನ್ನಡಿಗರಿಗೆ ಹೊಸದಲ್ಲ. 1843ನೆಯ ಜುಲೈ 1ರಂದು ಕನ್ನಡದ ಮೊದಲ ವರ್ತಮಾನಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದವರು ಇವರೇ. ಆ ದಿನವನ್ನು ಈಗಲೂ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಪತ್ರಿಕೆಯವರು ನೆನೆಯುವ ಈ ಮನುಷ್ಯನು ಬೋಧಕನಾಗಿದ್ದನೆಂಬದನ್ನು ಮಾತ್ರ ಅನೇಕರು ಮರೆತಿದ್ದಾರೆ.

ಹರ್ಮನ್ ಮೋಗ್ಲಿಂಗರು 1811ನೆಯ ಮೇ 29ರಂದು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಆ ಸೀಮೆಯಲ್ಲಿ ರೈತರೂ ಕುಶಲಕರ್ಮಿಗಳೂ ಸಾಯಂಕಾಲ ಒಬ್ಬರ ಮನೆಯಲ್ಲಿ ಕೂಡಿ, ಬೋಧಕರಿಲ್ಲದಿದ್ದರೂ ಸತ್ಯವೇದವನ್ನು ಓದಿ ಪ್ರಾರ್ಥಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿತ್ತು. ಬಾಸೆಲ್ ಮಿಶನ್ನಿಗೆ ಹಣವನ್ನೂ ಜನರನ್ನೂ ಹೆಚ್ಚಾಗಿ ಕೊಟ್ಟವರು ಇಂಥ ಮನೆಗಳವರೇ. ಆದರೆ ಮೋಗ್ಲಿಂಗರು ದೇವಶಾಸ್ತ್ರ ಓದಲು ಹೋದ ಟ್ಯೂಬಿಂಗೆನ್ ವಿದ್ಯಾಲಯದಲ್ಲಿ ಬೇರೆ ಗಾಳಿ ಬೀಸುತ್ತಿತ್ತು. ಸುವಾರ್ತೆಗಳ ಚರಿತ್ರೆಯಲ್ಲಿ ಬಹುಭಾಗವು ಭಕ್ತರು ಕಟ್ಟಿದ ಕಥೆಯೆಂದು 1835ರಲ್ಲಿ ಗ್ರಂಥ ಬರೆದು ಯೂರೋಪನ್ನು ಕಲಕಿದ ಸ್ಟ್ರೌಸ್ ಪಂಡಿತನು ಅದಕ್ಕೆ ಮೊದಲು ಅಲ್ಲಿಯೇ ಪಾಠ ಹೇಳುತ್ತಿದ್ದನು. ಮೋಗ್ಲಿಂಗರ ಸ್ನೇಹಿತರೂ ಮುಂದೆ ಮಲಯಾಳ ನಿಘಂಟಿನಿಂದ ಪ್ರಸಿದ್ಧರೂ ಆದ ಗುಂಡರ್ಟ್ ಅವರು ಕೆಲಕಾಲ ಆ ಬೋಧನೆಯ ಬಲೆಗೆ ಬಿದ್ದು ಕಷ್ಟದಿಂದ ಹೊರಬಂದವರು. ಸತ್ಯವೇದವನ್ನು ಪರೀಕ್ಷೆಗಾಗಿ ಓದುವದು ಒಂದು, ತನ್ನನ್ನು ಅದು ಪರೀಕ್ಷಿಸುವಂತೆ ಓದುವದು ಇನ್ನೊಂದು. ಆ ವಿದ್ಯಾಲಯದಿಂದ ಬಾಸೆಲಿಗೆ ಬಂದ ಮೋಗ್ಲಿಂಗರು ಎರಡನೆಯದನ್ನು ಆರಿಸಿಕೊಂಡಿದ್ದರು. 1836ನೆಯ ಡಿಸೆಂಬರಿನಲ್ಲಿ ಅವರು ಮಂಗಳೂರಿಗೆ ಬಂದಿಳಿದರು. ಆಗ ಅಲ್ಲಿಯ ಮಿಶನ್ ಕೆಲಸ ಪ್ರಾರಂಭವಾಗಿ ಎರಡೇ ವರುಷಗಳಾಗಿದ್ದವು.

ಬಂದವರು ಮೊದಲು ಮಾಡಿದ ಕೆಲಸ ಕನ್ನಡವನ್ನು ಕಲಿಯುವದು. ಹಿಂದೆ 1810ರಲ್ಲಿ ಬಳ್ಳಾರಿಗೆ ಬಂದ ಹ್ಯಾಂಡ್ಸ್ ಎಂಬ ಬೋಧಕರು ಬಹು ಪ್ರಯಾಸದಿಂದ ಸತ್ಯವೇದವನ್ನು ಭಾಷಾಂತರಿಸಲಾಗಿ, 1831ರಲ್ಲಿ ಸಂಪೂರ್ಣ ಕನ್ನಡ ಸತ್ಯವೇದವು ಅಚ್ಚಾಗಿತ್ತು. ದಾರಿಯಿಲ್ಲದ ಕಾಡಿನಲ್ಲಿ ಮೊದಲು ದಾರಿ ಕಡಿದವರ ಕೆಲಸ ಅದು. ನಾವು ಅದನ್ನು ಗೌರವಿಸುತ್ತೇವೆ. ಆದರೂ ಓದಿದಾಗ ಮನೆಯ ಮಾತಿನಂತೆ ಕೇಳಿಸದ ವಾಕ್ಯಗಳು ಅದರಲ್ಲಿ ಹೇರಳವಾಗಿದ್ದವು. ಜನರಿಗೆ ದೇವರ ಮಾತು ಕೇಳಿಸಬೇಕಾದರೆ ಮೊದಲು ಜನರ ಮಾತು ಬೋಧಕನಿಗೆ ಕೇಳಿಸಬೇಕೆಂಬದನ್ನು ಮೋಗ್ಲಿಂಗರು ಬೇಗನೆ ಕಂಡುಕೊಂಡರು.

ಉತ್ತರದ ಹುಬ್ಬಳ್ಳಿ ಸೀಮೆಯಲ್ಲಿ ಮಿಶನ್ನಿನವರು ಕೆಲಸ ಹೂಡಿದ ಕಾಲದಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಅಲ್ಲಿ ಕಾಲಜ್ಞಾನಿಗಳೆಂಬ ಪಂಥದವರಿದ್ದರು. ತಮ್ಮ ಕಾಲಜ್ಞಾನದ ವಚನಗಳಲ್ಲಿ ಮುಂತಿಳಿಸಿದ ದಿನವು ಬಂದಿತೆಂದೂ ಈ ಬಿಳಿಯ ಗುರುಗಳೇ ತಾವು ಎದುರುನೋಡುತ್ತಿದ್ದವರೆಂದೂ ಅವರಲ್ಲಿ ಹಲವರು ಬೋಧಕರ ಬಳಿಗೆ ಬಂದು ಮಾತಾಡಿದರು. ತಮಗೆ ನೆಲೆಯಿದ್ದರೆ ಗುಂಪುಗುಂಪಾಗಿ ಬರುವೆವೆಂಬ ಭರವಸೆಯನ್ನೂ ಹುಟ್ಟಿಸಿದರು. ಬೋಧಕರ ಹೃದಯಗಳು ಉರಿದವು. ಬೆಳೆಯು ಕೊಯ್ಲಿಗೆ ಸಿದ್ಧವಾಗಿದೆ, ದೇವರೇ ಬಾಗಿಲನ್ನು ತೆರೆದಿದ್ದಾನೆ ಎಂದು ಅವರು ನಂಬಿದರು. ಸರಕಾರದಿಂದ ಭೂಮಿಯನ್ನು ಪಡೆದು 1841ರಲ್ಲಿ ಗದಗಿನ ಬೆಟಗೇರಿಯ ಹತ್ತಿರ ಮಲಸಮುದ್ರವೆಂಬಲ್ಲಿ ಒಂದು ಗ್ರಾಮವನ್ನೇ ನೆಲೆಗೊಳಿಸಿದರು. ಬೋಧಕರು ಕಾದರು, ಕಾಲಜ್ಞಾನಿಗಳು ಬರಲಿಲ್ಲ.

ಇದನ್ನು ಮಿಶನ್ನಿನ ಚರಿತ್ರೆ ಬರೆಯುವವರು ಎರಡು ಸಾಲುಗಳಲ್ಲಿ ಮುಗಿಸಿಬಿಡುತ್ತಾರೆ. ನಮಗಾದರೋ ಇದು ನಿಂತು ನೋಡತಕ್ಕ ಸ್ಥಳವಾಗಿ ಕಾಣುತ್ತದೆ. ಆ ಬೋಧಕರು ಪ್ರಾರ್ಥಿಸದೆ ಹೊರಟವರಲ್ಲ. ಸತ್ಯವೇದ ಅರಿಯದವರೂ ಅಲ್ಲ. ಆದರೆ ತಾವು ಕೇಳಬೇಕೆಂದು ಬಯಸಿದ್ದನ್ನೇ ಯಾರೋ ಬಂದು ಹೇಳಿದಾಗ, ಅದು ಮೇಲಿನಿಂದ ಬಂದದ್ದೋ ಎಂದು ಶೋಧಿಸುವಷ್ಟು ತಾಳ್ಮೆ ಅವರಲ್ಲಿ ಉಳಿಯಲಿಲ್ಲ. ಕಾಲಜ್ಞಾನಿಗಳು ಬೋಧಕರ ಮಾತಿನಲ್ಲಿ ತಮ್ಮ ವಚನಗಳನ್ನು ಕೇಳಿದರು. ಬೋಧಕರು ಕಾಲಜ್ಞಾನಿಗಳ ಮಾತಿನಲ್ಲಿ ತಮ್ಮ ಆಶೆಯನ್ನು ಕೇಳಿದರು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕೇಳಲೇ ಇಲ್ಲವೆಂದು ನಮ್ಮ ಅಭಿಪ್ರಾಯ.

ಮೋಗ್ಲಿಂಗರ ಮುಂದಿನ ವರುಷಗಳ ಕೆಲಸವು ಗುಂಪುಗಳದ್ದಲ್ಲ, ಒಬ್ಬೊಬ್ಬರದ್ದು. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಹುಡುಗರ ಜತೆಯಲ್ಲಿ ವಾಸಿಸಿ ಅವರಿಗೆ ಕಲಿಸಿದರು. ಪಟ್ಟಣದ ಮಿಶನ್ ಶಾಲೆಗೆ ಬರುತ್ತಿದ್ದ ಮೇಲುಜಾತಿಯ ತರುಣರೊಡನೆ ಸತ್ಯವೇದದ ವಿಷಯವಾಗಿ ಚರ್ಚಿಸಿದರು. ಆ ತರುಣರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾಯ ಕೌಂಡಿಣ್ಯನು ಒಬ್ಬನು. ಇವನು 1825ರಲ್ಲಿ ಹುಟ್ಟಿದವನು, ಮದುವೆಯಾಗಿತ್ತು, ಮನೆಯಲ್ಲಿ ಯಾವದಕ್ಕೂ ಕೊರತೆಯಿರಲಿಲ್ಲ. ಶಾಲೆಯಲ್ಲಿ ಓದಿದ ವಾಕ್ಯಗಳು ಮನೆಗೆ ಹೋದ ಮೇಲೂ ಅವನನ್ನು ಬಿಡಲಿಲ್ಲ. ಇಂಥ ಒಳಗಿನ ಕರೆಯನ್ನು ಒಪ್ಪಿಕೊಂಡರೆ ತಾಯಿ, ಹೆಂಡತಿ, ಕುಲ, ಆಸ್ತಿ ಎಲ್ಲವೂ ಒಂದೇ ದಿನದಲ್ಲಿ ಕೈಬಿಟ್ಟುಹೋಗುವ ಕಾಲವದು. ಕಡೆಗೆ 1844ನೆಯ ಜನವರಿ 6ರಂದು ಆನಂದರಾಯನೂ ಅವನ ಸಂಗಾತಿಗಳಾದ ಭಗವಂತರಾಯ, ಮುಕುಂದರಾಯರೂ ದೀಕ್ಷಾಸ್ನಾನ ಹೊಂದಿದರು. ಪಟ್ಟಣವೆಲ್ಲ ಕದಡಿತು. ಬಂಧುಗಳು ಬಂದು ಅತ್ತು ಬೇಡಿಕೊಂಡರು, ಕೋಪಿಸಿಕೊಂಡರು. ಆನಂದರಾಯನ ಎಳೆಯ ಹೆಂಡತಿಯಾದ ಲಕ್ಷ್ಮಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ಆ ಮನೆಯವರ ಕಣ್ಣೀರನ್ನು ನಮ್ಮವರು ಬರೆದ ಚರಿತ್ರೆಗಳಲ್ಲಿ ಹಗೆತನವೆಂದು ಮಾತ್ರ ಹೇಳಿರುವದು ನಮಗೆ ಸರಿಯೆಂದು ತೋರುವದಿಲ್ಲ. ಮಗನನ್ನು ಸತ್ತವನೆಂದೇ ಎಣಿಸಬೇಕಾದ ತಾಯಿತಂದೆಗಳ ದುಃಖವೂ ದುಃಖವೇ.

ಆ ವರುಷವೇ ಮಂಗಳೂರ ಸಮಾಚಾರವು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರನ್ನು ತಾಳಿತು. ಮೋಗ್ಲಿಂಗರು ಸ್ವದೇಶಕ್ಕೆ ಹೋಗುವಾಗ ಆನಂದರಾಯನು ಅವರೊಡನೆ ಹೊರಟು, 1846ರಿಂದ 1851ರ ವರೆಗೆ ಬಾಸೆಲಿನಲ್ಲಿ ಕಲಿತು, ಬೋಧಕಾಭಿಷೇಕ ಹೊಂದಿ ಹರ್ಮನ್ ಆನಂದರಾವ್ ಕೌಂಡಿಣ್ಯನೆಂಬ ಹೆಸರಿನಿಂದ ಹಿಂತಿರುಗಿದನು. ಅಷ್ಟರೊಳಗೆ ಮೋಗ್ಲಿಂಗರು ತಿರಿಗಿ ಬಂದು 1847ರಲ್ಲಿ ಬಲ್ಮಠದಲ್ಲಿ ಉಪದೇಶಿಗಳನ್ನು ತರಬೇತು ಮಾಡುವ ಶಾಲೆಯನ್ನು ಸ್ಥಾಪಿಸಿದ್ದರು. ಈಗ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇರುವದು ಆ ಗುಡ್ಡದ ಮೇಲೆಯೇ.

ಈ ಕಾಲದಲ್ಲಿ ಅವರು ಕೈಗೊಂಡ ಇನ್ನೊಂದು ಕೆಲಸವನ್ನು ಕಂಡು ಮಿಶನ್ನಿನ ಕೆಲವು ಸ್ನೇಹಿತರು ಹುಬ್ಬೇರಿಸಿರಬಹುದು. ನೀಲಗಿರಿಯ ಕೇತಿಯಲ್ಲಿ ವಾಸಿಸುತ್ತಿದ್ದ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಅವರು 1848ರಿಂದ 1853ರ ವರೆಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಹಳೆಯ ಕನ್ನಡ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಓಲೆಗರಿಗಳಲ್ಲಿಯೂ ಹಾಡುವವರ ಬಾಯಲ್ಲಿಯೂ ಇದ್ದದ್ದು ಪುಸ್ತಕವಾಗಿ ಕೈಗೆ ಬಂತು. ಜಾತಿವಿಚಾರಣೆ, ಈರಾರು ಪತ್ರಿಕೆ ಎಂಬ ತಮ್ಮ ಸ್ವಂತ ಪುಸ್ತಕಗಳಲ್ಲಿ ಹಿಂದೂ ಪದ್ಧತಿಗಳನ್ನು ಕಟುವಾಗಿ ಖಂಡಿಸಿದವರೂ ಇವರೇ. ಆ ಖಂಡನೆಯಲ್ಲಿ ಕೆಲವು ಮಾತುಗಳು ಮೃದುವಾಗಿದ್ದರೆ ಚೆನ್ನಾಗಿತ್ತು. ಆದರೂ ದಾಸರ ಪದಗಳನ್ನು ಅಷ್ಟು ಶ್ರದ್ಧೆಯಿಂದ ಆಲಿಸಿದ ಕಿವಿಯೇ ಕ್ರೈಸ್ತ ಸಭೆಗೆ ಮೊದಲ ಕನ್ನಡ ಕೀರ್ತನೆಗಳಲ್ಲಿ ಕೆಲವನ್ನು ಕಟ್ಟಿಕೊಟ್ಟಿತು. ಅವರ ಬಂಧುವಾದ ವೈಗ್ಲೆ ಬೋಧಕರು ಅದೇ ವರುಷಗಳಲ್ಲಿ ಕನ್ನಡ ಸತ್ಯವೇದವನ್ನು ಪರಿಷ್ಕರಿಸುತ್ತಿದ್ದರು. ದೇಹವನ್ನು ಲೆಕ್ಕಿಸದೆ ದುಡಿದ ಅವರು 1855ರಲ್ಲಿ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ನಾವು ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಅಧ್ಯಾಯವನ್ನು ತಡವರಿಸದೆ ಓದಿ ಮುಗಿಸುವಾಗ ಇಂಥವರ ಆಯುಸ್ಸು ಅದರಲ್ಲಿ ಸೇರಿದೆಯೆಂದು ನೆನಸುವದು ಕಡಿಮೆ.

1852ರ ಕೊನೆಗೆ ಮೋಗ್ಲಿಂಗರ ಶರೀರವು ಕುಗ್ಗಿತ್ತು. ಸ್ವದೇಶಕ್ಕೆ ಹೋಗುವದೆಂದು ನಿಶ್ಚಯಿಸಿದ್ದರು. ಆಗ ಕೊಡಗಿನ ಅಳಮಂಡ ಮನೆತನದ ಸೋಮಯ್ಯನೆಂಬವನು ಘಟ್ಟವಿಳಿದು ಬಂದು ತನಗೆ ದೀಕ್ಷಾಸ್ನಾನ ಬೇಕೆಂದು ಕೇಳಿಕೊಂಡನು. ಕೊಡಗಿನಲ್ಲಿ ಮಿಶನ್ನಿನ ಕೆಲಸ ಇನ್ನೂ ಇರಲಿಲ್ಲ. ಯಾರೂ ಕಳುಹಿಸದೆ ಬಂದ ಮನುಷ್ಯನು ಅವನು. ಒಂದು ಕಡೆ ವೈದ್ಯರ ಮಾತು, ಹಿರಿಯರ ಅಪ್ಪಣೆ. ಇನ್ನೊಂದು ಕಡೆ ಬಾಗಿಲಲ್ಲಿ ನಿಂತ ಒಬ್ಬನೇ ಒಬ್ಬನು. ಮಲಸಮುದ್ರವನ್ನು ಕಂಡ ಕಣ್ಣುಗಳಿಗೆ ಇದೂ ಅಂಥದೇ ಇನ್ನೊಂದು ಮೃಗಜಲವೆಂದು ತೋರಬಹುದಿತ್ತು. ಆದರೆ ಎರಡಕ್ಕೂ ವ್ಯತ್ಯಾಸವಿತ್ತು. ಅಲ್ಲಿ ಸಾವಿರಾರು ಜನರ ಭರವಸೆಯಿತ್ತು, ಒಬ್ಬನೂ ಎದುರಿಗಿರಲಿಲ್ಲ. ಇಲ್ಲಿ ಭರವಸೆಯೇನೂ ಇರಲಿಲ್ಲ, ಆದರೆ ಒಬ್ಬನು ಎದುರಿಗಿದ್ದನು. ಮತ್ತು ಈ ಸಾರಿ ಬಂದ ಕರೆಯು ಬೋಧಕರ ಆಶೆಗೆ ಅನುಕೂಲವಾಗಿರದೆ ಅದಕ್ಕೆ ಅಡ್ಡವಾಗಿಯೇ ಬಂದಿತ್ತು. ಕಳಕೊಂಡ ಒಂದು ಕುರಿಯ ಸಾಮ್ಯವನ್ನು ಎಷ್ಟೋ ಸಾರಿ ಬೋಧಿಸಿದವರಿಗೆ ಆ ವಾಕ್ಯವು ಈಗ ತಮ್ಮ ಕಡೆಗೇ ತಿರುಗಿ ನಿಂತಿತು.

ಮೋಗ್ಲಿಂಗರು ಪ್ರಯಾಣವನ್ನು ಬಿಟ್ಟು ಘಟ್ಟ ಹತ್ತಿದರು. 1853ರ ಆರಂಭದಲ್ಲಿ ಸೋಮಯ್ಯನು ಸ್ತೆಫನನೆಂಬ ಹೆಸರಿನಿಂದ ಸಭೆಯಲ್ಲಿ ಸೇರಿದನು. ಬಾಸೆಲಿನ ಹಿರಿಯರಿಗೆ ಇದು ಸಮಾಧಾನವಾಗಲಿಲ್ಲ. ಅಪ್ಪಣೆಯಿಲ್ಲದೆ ಹೊಸ ಸೀಮೆಗೆ ಹೋಗುವದು ಶಿಸ್ತಿಗೆ ವಿರೋಧ. ಆದಕಾರಣ ಕೆಲವು ವರುಷ ಕೊಡಗಿನ ಕೆಲಸವು ಸ್ನೇಹಿತರ ಸಹಾಯದಿಂದ ನಡೆಯಬೇಕಾಯಿತು. ಹಿರಿಯರದ್ದು ತಪ್ಪೆಂದು ನಾವು ಹೇಳಲಾರೆವು. ಪ್ರತಿಯೊಬ್ಬ ಬೋಧಕನೂ ತನಗೆ ದೇವರ ಸ್ವರ ಕೇಳಿಸಿತೆಂದು ಹೊರಟರೆ ಸಭೆಯು ಚದರಿಹೋದೀತು. ಒಳಗಿನ ಕರೆಗೆ ಸಹೋದರರ ಸಾಕ್ಷಿಯೂ ಬೇಕೆಂಬದು ಅಂತಿಯೋಕ್ಯದ ಸಭೆಯ ಕಾಲದಿಂದಲೂ ನಮ್ಮ ನಡತೆಯಾಗಿದೆ. ಆ ಸಾಕ್ಷಿಯು ಮೋಗ್ಲಿಂಗರಿಗೆ ತಡವಾಗಿ ದೊರೆಯಿತು. ಕಡೆಗೆ ಮಿಶನ್ನು ಕೊಡಗಿನ ಕೆಲಸವನ್ನು ತನ್ನದಾಗಿ ಮಾಡಿಕೊಂಡಿತು.

ಸೋಮಯ್ಯನ ಹಿಂದೆ ಕೊಡವರು ಅನೇಕರಾಗಿ ಬಂದಾರೆಂದು ಎಲ್ಲರೂ ಎಣಿಸಿದ್ದರು. ಬಂದವರು ಬಹಳ ಕೆಲವರು. ಆದರೆ ಅವರ ಹೊಲಗಳಲ್ಲಿ ತಲತಲಾಂತರದಿಂದ ಜೀತಕ್ಕಿದ್ದು, ಹೊಲೆಯರೆಂದು ಊರ ಹೊರಗೆ ಇಡಲ್ಪಟ್ಟಿದ್ದ ಬಡಜನರು ಈ ಮಾತನ್ನು ಕೇಳಿ ಬಂದರು. ಅವರನ್ನು ಹುಡುಕಿಕೊಂಡು ಮೋಗ್ಲಿಂಗರು ಕೊಡಗಿಗೆ ಹೋದದ್ದಲ್ಲ. ಕೊಡವರ ಮನೆಯಂಗಳದಲ್ಲಿ ಹೇಳಿದ್ದು ಅಂಗಳದ ಆಚೆ ನಿಂತವರಿಗೆ ಕೇಳಿಸಿತ್ತು. ಅವರಿಗಾಗಿ ಆನಂದಪುರವೆಂಬ ಗ್ರಾಮವು ಹುಟ್ಟಿತು. ಕೌಂಡಿಣ್ಯರು ಅಲ್ಲಿ ಭೂಮಿಯನ್ನು ಕೊಂಡು ಕಾಫಿ ತೋಟವನ್ನು ಹಾಕಿದರು. ಕಾಫಿಯ ಏಳುಬೀಳನ್ನು ಬಲ್ಲ ನಮ್ಮ ಮಲೆನಾಡಿಗರಿಗೆ ವಿವರಿಸಿ ಹೇಳುವದು ಬೇಡ. ಆ ತೋಟದಿಂದ ಅವರಿಗೆ ನಷ್ಟವೇ ಆಯಿತು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು ತಮ್ಮ ಹಣವನ್ನು ಜೀತದಾಳುಗಳ ನೆಲೆಗಾಗಿ ಕಳಕೊಂಡದ್ದನ್ನು ಆ ಕಾಲದ ಜನರು ಹುಚ್ಚೆಂದು ಕರೆದಿದ್ದರೆ ಆಶ್ಚರ್ಯವಿಲ್ಲ.

ವೈಗ್ಲೆಯವರ ವಿಧವೆಯಾದ ಪೌಲೀನಮ್ಮನವರನ್ನು ಮೋಗ್ಲಿಂಗರು ವಿವಾಹವಾಗಿ, ತಂದೆಯಿಲ್ಲದ ಆ ಮಕ್ಕಳಿಗೆ ತಂದೆಯಾದರು. ಕನ್ನಡ ಗ್ರಂಥಗಳ ಪ್ರಕಟನೆಗಾಗಿ ಟ್ಯೂಬಿಂಗೆನ್ ವಿದ್ಯಾಲಯವು 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ಒಂದು ಕಾಲದಲ್ಲಿ ನಂಬಿಕೆಯು ಅಲುಗಿದ ಅದೇ ವಿದ್ಯಾಲಯ. ಪತ್ನಿಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಭಾರತವನ್ನು ಬಿಟ್ಟ ಮೇಲೆ ಅವರು ಹಿಂತಿರುಗಲಿಲ್ಲ. 1881ನೆಯ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ, ಎಪ್ಪತ್ತಕ್ಕೆ ಕೆಲವೇ ದಿನ ಕಡಿಮೆಯಿರುವಾಗ, ಕರ್ತನಲ್ಲಿ ನಿದ್ರೆಹೋದರು. ಮರುವರುಷ ಗುಂಡರ್ಟರು ಸ್ನೇಹಿತನ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ಕೌಂಡಿಣ್ಯರು ಆ ಮೇಲೆಯೂ ಹನ್ನೊಂದು ವರುಷಕ್ಕೆ ಮೇಲ್ಪಟ್ಟು ಬದುಕಿ 1893ರಲ್ಲಿ ತೀರಿಕೊಂಡರು. ತಮ್ಮನ್ನು ಕರೆದ ಸ್ವರವನ್ನು ಕನ್ನಡದಲ್ಲಿ ಇತರರಿಗೆ ಕೇಳಿಸುವದು ಅವರ ಜೀವಮಾನದ ಕೆಲಸವಾಗಿತ್ತು.