ಡೇವಿಡ್ ಕ್ರಾಕೆಟ್: ಕರಡಿಯ ಬೇಟೆಗಾರನಾದ ಪ್ರಜಾಪ್ರತಿನಿಧಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಡೇವಿಡ್ ಕ್ರಾಕೆಟನ ಹೆಸರನ್ನು ಕೇಳದವರು ವಿರಳ. ತುಪ್ಪುಳದ ಟೊಪ್ಪಿಗೆಯನ್ನು ಧರಿಸಿ, ಉದ್ದನೆಯ ಬಂದೂಕವನ್ನು ಹಿಡಿದು, ಕರಡಿಗಳನ್ನೂ ಕೂಗರ್ ಎಂಬ ಕ್ರೂರಮೃಗಗಳನ್ನೂ ಸಂಹರಿಸಿದ ವೀರನೆಂದು ಕಥೆಗಳೂ ಚಲಚ್ಚಿತ್ರಗಳೂ ಆತನನ್ನು ಕೊಂಡಾಡಿವೆ. ಆತನು ಬೇಟೆಗಾರನಾಗಿದ್ದುದು ದಿಟ. ಆದರೆ ಅದು ರಾಜರುಗಳ ವಿನೋದದ ಬೇಟೆಯಲ್ಲ, ಹೆಂಡಿರು ಮಕ್ಕಳ ಉದರಪೋಷಣೆಯ ಬೇಟೆ. ಇದೇ ಬೇಟೆಗಾರನು ತನ್ನ ದೇಶದ ಶಾಸನಸಭೆಯಲ್ಲಿ ಕೊಟ್ಟ ಒಂದು ಮತವು ಮಾತ್ರ ಜನರ ನೆನಪಿನಲ್ಲಿ ಅಷ್ಟಾಗಿ ಉಳಿದಿಲ್ಲ. ಈ ಎರಡನ್ನೂ ಒಟ್ಟಿಗೆ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕ್ರಾಕೆಟನು 1786ನೆಯ ಇಸವಿ ಆಗಸ್ಟ್ 17ರಂದು, ಈಗ ಟೆನೆಸೀ ಸಂಸ್ಥಾನಕ್ಕೆ ಸೇರಿರುವ ಪೂರ್ವದ ಬೆಟ್ಟಸೀಮೆಯಲ್ಲಿ ಹುಟ್ಟಿದನು. ಆತನ ಅಜ್ಜ ಅಜ್ಜಿಯರು ಮೂಲನಿವಾಸಿಗಳ ದಾಳಿಯಲ್ಲಿ 1777ರಲ್ಲಿಯೇ ಹತರಾಗಿದ್ದರು. ತಂದೆಯು ಸಾಲಗಾರನಾದ ಬಡವ. ಹುಡುಗನು ತಂದೆಯ 36 ಡಾಲರಿನ ಪತ್ರವೊಂದನ್ನು ತೀರಿಸಲು ಆರು ತಿಂಗಳೂ, 40 ಡಾಲರಿನ ಇನ್ನೊಂದನ್ನು ತೀರಿಸಲು ಮತ್ತೆ ಆರು ತಿಂಗಳೂ ಪರರ ಮನೆಯಲ್ಲಿ ದುಡಿದನು. ಅನಂತರ ಕೂಲಿಯ ನಡುವೆ ವಾರದಲ್ಲಿ ನಾಲ್ಕು ದಿನದಂತೆ ಸುಮಾರು ಆರು ತಿಂಗಳು ಕಲಿತ ಓದೇ ಆತನ ವಿದ್ಯೆಯ ಬಹುಭಾಗ. 1806ರಲ್ಲಿ ವಿವಾಹವಾಯಿತು, 1815ರಲ್ಲಿ ಪತ್ನಿಯು ತೀರಿಕೊಂಡ ಮೇಲೆ ಎಲಿಜಬೆತ್ ಪ್ಯಾಟನ್ ಎಂಬ ವಿಧವೆಯನ್ನು ಆತನು ಕೈಹಿಡಿದನು.

1813ರಲ್ಲಿ ಕ್ರೀಕ್ ಜನಾಂಗದೊಡನೆ ಯುದ್ಧವುಂಟಾದಾಗ ಕ್ರಾಕೆಟನು ಜನರಲ್ ಜಾಕ್ಸನನ ದಂಡಿಗೆ ಸೇರಿದನು. ಆ ವರ್ಷದ ನವೆಂಬರ್ 3ರಂದು ತಲ್ಲುಶಾಚಿ ಎಂಬ ಹಳ್ಳಿಯನ್ನು ಸೈನಿಕರು ಸುತ್ತುಗಟ್ಟಿ, ಮನೆಯೊಂದರೊಳಗೆ ಸೇರಿದ್ದ ಯೋಧರನ್ನು ಮನೆಯ ಸಹಿತ ಸುಟ್ಟರು. ಮಾರನೆಯ ದಿನ ಹಸಿದ ದಂಡು ಅದೇ ಸ್ಥಳಕ್ಕೆ ಮರಳಿ, ಸುಟ್ಟ ಮನೆಯ ನೆಲಮಾಳಿಗೆಯಲ್ಲಿ ದೊರೆತ ಗೆಡ್ಡೆಗಳನ್ನು ತಿಂದಿತು. ಮೇಲೆ ಬೆಂದ ಮನುಷ್ಯರ ಕೊಬ್ಬು ಇಳಿದು ಆ ಗೆಡ್ಡೆಗಳು ನೆನೆದಿದ್ದುವು. ತಾನೂ ಹಸಿವಿನಿಂದ ಅವನ್ನು ತಿಂದುದನ್ನು ಕ್ರಾಕೆಟನು 1834ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾನೆ. ಈ ಅನ್ನವನ್ನು ಉಂಡವನು ಮುಂದೆ ಏನು ಮಾಡಿದನೆಂಬುದನ್ನು ನೋಡತಕ್ಕದ್ದು.

ಯುದ್ಧಾನಂತರ ಗ್ರಾಮಸ್ಥರ ವಿಶ್ವಾಸದಿಂದ ಆತನು ನ್ಯಾಯಾಧಿಕಾರಿಯಾಗಿ, 1821ರಲ್ಲಿ ಸಂಸ್ಥಾನದ ಶಾಸನಸಭೆಯ ಸದಸ್ಯನಾದನು. ಅದೇ ವರ್ಷ ಆತನ ಹಿಟ್ಟಿನ ಗಿರಣಿಯೂ ಮದ್ದಿನ ಗಿರಣಿಯೂ ಹೊಳೆಯ ಪ್ರವಾಹಕ್ಕೆ ಕೊಚ್ಚಿಹೋದುವು. ಇದ್ದುದನ್ನು ಸಾಲಗಾರರಿಗೆ ಒಪ್ಪಿಸಿ, ಸಂಸಾರಸಮೇತ ಪಶ್ಚಿಮದ ಓಬಿಯನ್ ನದಿಯ ತೀರಕ್ಕೆ ಹೊರಟನು. ಆ ಸೀಮೆಯು 1818ರ ಒಪ್ಪಂದದವರೆಗೆ ಚಿಕಸಾ ಜನಾಂಗದ ನೆಲವಾಗಿದ್ದಿತು. 1811-12ರ ಮಹಾಭೂಕಂಪಗಳಿಂದ ನೆಲವು ಬಿರಿದು, ಮರಗಳು ಉರುಳಿ, ಜೊಂಡಿನ ಮೆಳೆಗಳು ದಟ್ಟವಾಗಿ ಬೆಳೆದಿದ್ದ ಆ ಕಾಡು ಕರಡಿಗಳ ತವರಾಗಿದ್ದಿತು.

ಅಲ್ಲಿಯ ಕಪ್ಪು ಕರಡಿಯು ಶರತ್ಕಾಲದಲ್ಲಿ ಓಕ್ ಮರದ ಕಾಯಿಗಳನ್ನು ಯಥೇಚ್ಛವಾಗಿ ತಿಂದು ಕೊಬ್ಬುತ್ತದೆ. ಚಳಿಗಾಲದಲ್ಲಿ ಮರದ ಪೊಟರೆಯನ್ನೋ ನೆಲದ ಬಿರುಕನ್ನೋ ಹೊಕ್ಕು ಮಲಗುತ್ತದೆ. ಬೇಟೆಗಾರನಿಗೆ ಅದೇ ಸುಗ್ಗಿ. ನಾಯಿಗಳು ಕರಡಿಯನ್ನು ಅಟ್ಟಿ ಮರಕ್ಕೆ ಹತ್ತಿಸುವುವು. ಆತನು ಬೊಗಳುವ ಸದ್ದನ್ನು ಅನುಸರಿಸಿ ಹೋಗಿ ಗುಂಡು ಹಾರಿಸುವನು. ಮಾಂಸವನ್ನು ತುಂಡರಿಸಿ ಉಪ್ಪು ಹಾಕಿ, ತೋಳಗಳಿಗೆ ಎಟುಕದ ಅಟ್ಟದ ಮೇಲಿರಿಸಿ, ಕುದುರೆಗಳ ಮೇಲೆ ಮನೆಗೆ ಸಾಗಿಸುವುದು ರೂಢಿ. ಕೊಬ್ಬನ್ನು ಕರಗಿಸಿದರೆ ಅಡುಗೆಗೆ ಎಣ್ಣೆ. ತೊಗಲು ಹಾಸಿಗೆಗೂ ಮಾರಾಟಕ್ಕೂ ಒದಗುವುದು. ಈ ಮಾಂಸದಲ್ಲಿ ಸೂಕ್ಷ್ಮವಾದ ಹುಳುಗಳಿರಬಹುದಾದುದರಿಂದ ಅದನ್ನು ಚೆನ್ನಾಗಿ ಬೇಯಿಸದೆ ತಿನ್ನಬಾರದೆಂಬುದು ಈಗ ವೈದ್ಯರು ಅರಿತ ವಿಷಯ.

ಕೂಗರ್ ಎಂಬುದು ಮೈಮೇಲೆ ಚುಕ್ಕೆಗಳಿಲ್ಲದ, ಕಂದುಬಣ್ಣದ ಬೆಕ್ಕಿನ ಜಾತಿಯ ದೊಡ್ಡ ಮೃಗ. ವಲಸಿಗರು ಅದನ್ನು ಕೊಂದುದು ಹೆಚ್ಚಾಗಿ ದನಕರುಗಳ ರಕ್ಷಣೆಗಾಗಿ. ಆದರೂ ಅದರ ಮಾಂಸವು ತಿನ್ನಲು ಯೋಗ್ಯವೇ. 1833ರಲ್ಲಿ ದಕ್ಷಿಣ ಅಮೆರಿಕದಲ್ಲಿ ಅದನ್ನು ಉಂಡ ಚಾರ್ಲ್ಸ್ ಡಾರ್ವಿನನು ಅದು ಎಳೆಗರುವಿನ ಮಾಂಸದಂತಿತ್ತೆಂದು ಬರೆದಿಟ್ಟಿದ್ದಾನೆ.

ಓಬಿಯನ್ ತೀರಕ್ಕೆ ಬಂದ ಹೊಸದರಲ್ಲಿ, ಕ್ರಿಸ್ಮಸ್ ಹಬ್ಬದ ಹೊತ್ತಿಗೆ, ಮನೆಯಲ್ಲಿ ಮಾಂಸವೂ ಬಂದೂಕದ ಮದ್ದೂ ಮುಗಿದುವು. ಮದ್ದಿನ ಪೀಪಾಯಿಯು ಉಕ್ಕಿ ಹರಿಯುತ್ತಿದ್ದ ಹೊಳೆಯ ಆಚೆ ಬಂಧುವಿನ ಮನೆಯಲ್ಲಿದ್ದಿತು. ಪತ್ನಿಯು ತಡೆದರೂ ಕೇಳದೆ ಆತನು ಹಿಮದಂತೆ ಕೊರೆಯುವ ನೀರಿನಲ್ಲಿಳಿದು ಹೋಗಿ ಅದನ್ನು ತಂದನು. ಇನ್ನೊಂದು ರಾತ್ರಿ, ಭೂಕಂಪದ ಬಿರುಕಿನಲ್ಲಿ ಅಡಗಿದ್ದ ಕರಡಿಯನ್ನು ಕತ್ತಲೆಯಲ್ಲಿ ಕತ್ತಿಯಿಂದಲೇ ಇರಿದು ಕೊಂದನು. ಆಮೇಲೆ ಚಳಿಗೆ ಸಾಯದಿರಲು ಬೆಳಗಿನವರೆಗೆ ಮರವೊಂದನ್ನು ಮೇಲೆ ಹತ್ತಿ ಕೆಳಗೆ ಜಾರುತ್ತ ಮೈಯನ್ನು ಕಾಯಿಸಿಕೊಂಡನು. ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ 105 ಕರಡಿಗಳನ್ನು ಕೊಂದೆನೆಂದು ಆತನ ಲೆಕ್ಕ. ಲೆಕ್ಕವು ಆತನದೇ ಆದುದರಿಂದ ವಾಚಕರು ತಕ್ಕಷ್ಟು ವಜಾ ಮಾಡಿಕೊಳ್ಳಬಹುದು. ನಮಗೆ ಆ ಸಂಖ್ಯೆಗಿಂತ ಮುಖ್ಯವಾಗಿ ತೋರುವುದು ಇನ್ನೊಂದು ಸಂಗತಿ. ಮಾಂಸ ಕೊಳ್ಳಲು ಹಣವಿಲ್ಲದೆ, ಪರರ ನೆಲದ ಬೇರು ಬೊಡ್ಡೆಗಳನ್ನು ಕೀಳುತ್ತಿದ್ದ ಒಬ್ಬ ಬಡವನನ್ನು ಕಂಡು, ಆತನನ್ನು ತನ್ನೊಡನೆ ಬೇಟೆಗೆ ಕರೆದೊಯ್ದು, ಅವನ ಸಂಸಾರಕ್ಕೆ ವರ್ಷಕ್ಕಾಗುವಂತೆ 1000 ಪೌಂಡಿಗೂ ಮಿಕ್ಕಿ ಮಾಂಸವನ್ನು ಕ್ರಾಕೆಟನು ಒದಗಿಸಿಕೊಟ್ಟನು.

ಇಂತಹ ನೆರೆಹೊರೆಯವರೇ ಆತನನ್ನು 1827ರಲ್ಲಿ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ಆರಿಸಿ ಕಳುಹಿಸಿದರು. ಒಡೆತನದ ಪತ್ರವಿಲ್ಲದೆ ಕಾಡು ಕಡಿದು ಉಳುತ್ತಿದ್ದ ಬಡವರಿಗೆ ಅವರ ನೆಲವು ಅಗ್ಗವಾಗಿ ಸಿಗಬೇಕೆಂಬುದೇ ಅಲ್ಲಿ ಆತನ ಮುಖ್ಯ ಹಟ. ಆ ಮಸೂದೆಯು ಆತನ ಕಾಲದಲ್ಲಿ ಫಲಿಸಲಿಲ್ಲ.

1830ರಲ್ಲಿ ಪರೀಕ್ಷೆಯ ದಿನವು ಬಂದಿತು. ಹಿಂದಿನ ದಂಡನಾಯಕನಾದ ಜಾಕ್ಸನನು ಈಗ ರಾಷ್ಟ್ರಾಧ್ಯಕ್ಷ. ಚೆರೋಕಿ, ಕ್ರೀಕ್, ಚಿಕಸಾ ಮೊದಲಾದ ಜನಾಂಗಗಳನ್ನು ಅವರ ನೆಲದಿಂದ ಎಬ್ಬಿಸಿ ಮಿಸಿಸಿಪಿ ನದಿಯ ಆಚೆಗೆ ಕಳುಹಿಸುವ ಮಸೂದೆಯು ಸಭೆಯ ಮುಂದೆ ಬಂದಿತು. ಜಾಕ್ಸನನು ಟೆನೆಸೀಯವನೇ, ಕ್ರಾಕೆಟನ ಮತದಾರರಿಗೆ ಆತನೆಂದರೆ ದೇವರು. ವಿರೋಧಿಸಿದರೆ ಕೆಡುವೆಯೆಂದು ಸಂಗಡಿಗರು ಎಚ್ಚರಿಸಿದರು. ಅಜ್ಜ ಅಜ್ಜಿಯರನ್ನು ಮೂಲನಿವಾಸಿಗಳ ಕೈಯಲ್ಲಿ ಕಳೆದುಕೊಂಡಿದ್ದ, ಅವರ ಮೇಲೆ ತಾನೇ ಯುದ್ಧ ಮಾಡಿದ್ದ, ಚಿಕಸಾ ಜನರ ಹಳೆಯ ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಿದ್ದ ಈ ಮನುಷ್ಯನು, ಅದು ಅನ್ಯಾಯವೆಂದು ತನ್ನ ಮನಸ್ಸಿಗೆ ತೋರಿದ ಕಾರಣದಿಂದ ವಿರುದ್ಧವಾಗಿ ಮತವನ್ನಿತ್ತನು. ಟೆನೆಸೀಯ ಪ್ರತಿನಿಧಿಗಳಲ್ಲಿ ಹಾಗೆ ಮಾಡಿದವನು ಆತನೊಬ್ಬನೇ. ಆ ಜನಾಂಗಗಳಿಗೆ ಮತದ ಹಕ್ಕಿರಲಿಲ್ಲ. ಅವರಿಂದ ಆತನಿಗೆ ಆಗಬೇಕಾದುದು ಏನೂ ಇರಲಿಲ್ಲ. ಮಸೂದೆಯು 102ಕ್ಕೆ 97 ಮತಗಳಿಂದ ಅಂಗೀಕೃತವಾಯಿತು.

ಮುಂದಿನ ವರ್ಷದ ಚುನಾವಣೆಯಲ್ಲಿ ಕ್ರಾಕೆಟನು ಸೋತನು. 1833ರಲ್ಲಿ ಗೆದ್ದು 1835ರಲ್ಲಿ ಮತ್ತೆ ಸೋತನು. ಬೇಸತ್ತು ಆ ವರ್ಷದ ನವೆಂಬರಿನಲ್ಲಿ, ಆಗ ಮೆಕ್ಸಿಕೋವಿನ ಭಾಗವಾಗಿದ್ದ ಟೆಕ್ಸಸಿಗೆ ಹೊರಟನು. ಅಲ್ಲಿ ಬಂಡೆದ್ದ ವಲಸಿಗರೊಡನೆ ಸೇರಿ, ಆಲಮೋ ಎಂಬ ಕೋಟೆಯಲ್ಲಿ 13 ದಿನಗಳ ಮುತ್ತಿಗೆಯ ಕೊನೆಗೆ, 1836ನೆಯ ಮಾರ್ಚ್ 6ರಂದು ಮಡಿದನು.

ಆತನನ್ನು ನಿರ್ದೋಷಿಯೆಂದು ನಾವು ಚಿತ್ರಿಸಬಯಸುವುದಿಲ್ಲ. ಆತನ ಮನೆಯಲ್ಲಿ ಗುಲಾಮರಿದ್ದರು. ಟೆಕ್ಸಸಿನ ಬಂಡಾಯದ ಕಾರಣಗಳಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಆಸೆಯೂ ಒಂದು. ಆತನಂತಹ ಬೇಟೆಗಾರರು ದಾರಿಮಾಡಿದ ಮೇಲೆ ನೇಗಿಲು ಬಂದಿತು, ಕಾಡು ಹೋಯಿತು. ಅಮೆರಿಕದ ಪೂರ್ವಭಾಗದ ಕೂಗರ್ ನಿರ್ವಂಶವಾಯಿತೆಂದು ಅಲ್ಲಿಯ ಸರಕಾರವು ತೀರ್ಮಾನಿಸಿ 2018ರಲ್ಲಿ ಅದನ್ನು ರಕ್ಷಣಾಪಟ್ಟಿಯಿಂದ ತೆಗೆದುಹಾಕಿತು. ಕಪ್ಪು ಕರಡಿಯು ಮಾತ್ರ ಸ್ಮೋಕಿ ಪರ್ವತಗಳ ರಕ್ಷಿತಾರಣ್ಯದಲ್ಲಿ ಇಂದಿಗೂ ಸಮೃದ್ಧವಾಗಿದೆ.

ಆ ಮಸೂದೆಯ ಫಲವಾಗಿ 1838-39ರಲ್ಲಿ ಸುಮಾರು 16,000 ಚೆರೋಕಿ ಜನರನ್ನು ದಂಡಿನ ಕಾವಲಿನಲ್ಲಿ ಪಶ್ಚಿಮಕ್ಕೆ ಅಟ್ಟಲಾಯಿತು. ಚಳಿ, ಹಸಿವು, ರೋಗಗಳಿಂದ ಅವರಲ್ಲಿ ಸುಮಾರು 4,000 ಮಂದಿ ಸತ್ತರೆಂದು ಅಂದಾಜು. ಹಲವು ತಂಡಗಳು ನಡೆದ ಹಾದಿಯು ಟೆನೆಸೀಯ ಮೂಲಕವೇ ಹೋಗುತ್ತಿದ್ದಿತು. ಅಂದು ಮಸೂದೆಗೆ ಕೈಯೆತ್ತಿದ ಸದಸ್ಯರು ಬಹುಮಂದಿ ತಮ್ಮ ಸ್ಥಾನಗಳನ್ನು ಉಳಿಸಿಕೊಂಡಿರಬಹುದು. ನೆರೆಯ ಬಡವನ ಮನೆಗೆ ಕರಡಿಯ ಮಾಂಸವನ್ನು ಹಂಚಿದವನು, ಮತವಿಲ್ಲದ ಜನರ ಪಕ್ಷಕ್ಕೆ ತನ್ನ ಮತವನ್ನು ಕೊಟ್ಟು ತನ್ನ ಸ್ಥಾನವನ್ನು ಕಳೆದುಕೊಂಡನು. ಜನಪ್ರತಿನಿಧಿಯೆನಿಸಿಕೊಳ್ಳುವವರು ಆತನಿಂದ ಕಲಿಯಬೇಕಾದುದು 105 ಕರಡಿಗಳ ಕಥೆಯನ್ನಲ್ಲ, ಆ ಒಂದು ಮತವನ್ನು ಎಂಬುದು ನಮ್ಮ ಅಭಿಪ್ರಾಯ.