ಪರೀಕ್ಷೆಯ ಭಯವನ್ನು ಅಳೆದ ವಾಲ್ಟರ್ ಕ್ಯಾನನ್

ಹತ್ತನೆಯ ತರಗತಿಯಲ್ಲಿ ಅಡ್ರಿನಲಿನ್ ಕುರಿತು ಪಾಠ ಮಾಡುವಾಗ ನಮ್ಮ ಕೈಗೆ ಸಿಗುವುದು ಪಠ್ಯಪುಸ್ತಕದ ಕೆಲವೇ ವಾಕ್ಯಗಳು. ಅವುಗಳ ಹಿಂದೆ ಒಬ್ಬ ವಿಜ್ಞಾನಿಯ ಇಡೀ ಬದುಕಿದೆ. ಬೋಧನಾಭ್ಯಾಸದ ಪಾಠಕ್ಕೆ ಪೀಠಿಕೆಯಾಗಿ ನಾನು ಆರಿಸಿಕೊಂಡದ್ದು ಆ ಬದುಕನ್ನು.

ವಾಲ್ಟರ್ ಬ್ರಾಡ್‌ಫರ್ಡ್ ಕ್ಯಾನನ್ 1871ರ ಅಕ್ಟೋಬರ್ 19ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದರು. ತಂದೆ ರೈಲ್ವೆ ನೌಕರ, ತಾಯಿ ಶಿಕ್ಷಕಿಯಾಗಿದ್ದವರು. ಬಾಲಕನಿಗೆ ಹತ್ತು ವರ್ಷವಾದಾಗ ತಾಯಿ ತೀರಿಕೊಂಡರು. ಹದಿನಾಲ್ಕಾದಾಗ ತಂದೆ ಶಾಲೆ ಬಿಡಿಸಿ ರೈಲ್ವೆ ಕಚೇರಿಯ ಕೆಲಸಕ್ಕೆ ಹಚ್ಚಿದರು. ಎರಡು ವರ್ಷದ ಬಳಿಕ ಹುಡುಗ ಮತ್ತೆ ಶಾಲೆಗೆ ಬಂದ. ಶಿಕ್ಷಕಿಯೊಬ್ಬರ ಪ್ರೋತ್ಸಾಹದಿಂದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ.

1896ರಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಕ್ಯಾನನ್ ಆಗಷ್ಟೇ ಬಂದಿದ್ದ ಎಕ್ಸ್‌-ಕಿರಣಗಳಿಂದ ಪ್ರಾಣಿಗಳ ಜೀರ್ಣಕ್ರಿಯೆಯನ್ನು ನೋಡತೊಡಗಿದರು. ಬೆಕ್ಕಿಗೆ ಬಿಸ್ಮತ್ ಬೆರೆಸಿದ ಆಹಾರ ಕೊಟ್ಟು ಜಠರದ ಚಲನೆ ಗಮನಿಸುತ್ತಿದ್ದಾಗ, ಬೆಕ್ಕು ಕಂಗಾಲಾದ ಕೂಡಲೇ ಆ ಚಲನೆ ನಿಂತುಹೋಗುವುದು ಕಂಡಿತು. ಮುಂದಿನ ಸಂಶೋಧನೆಗೆ ಅದೇ ಬೀಜವಾಯಿತು. 1911ರಲ್ಲಿ, ನಾಯಿ ಬೊಗಳಿ ಹೆದರಿಸಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ಇರುವುದನ್ನು ಅವರು ತೋರಿಸಿದರು. ಹೋರಾಟಕ್ಕೋ ಓಟಕ್ಕೋ ದೇಹ ಸಜ್ಜಾಗುವ ಬಗೆ ಇದು: ಹೃದಯ ವೇಗವಾಗಿ ಬಡಿಯುತ್ತದೆ, ಚರ್ಮದ ಮತ್ತು ಜಠರದ ರಕ್ತನಾಳಗಳು ಕಿರಿದಾಗುತ್ತವೆ, ರಕ್ತದೊತ್ತಡ ಏರುತ್ತದೆ, ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತದೆ.

ಶಿಕ್ಷಕರಾಗುವ ನಮಗೆ ಮುಖ್ಯವಾದದ್ದು ಇನ್ನು ಮುಂದಿನದು. ಕ್ಯಾನನ್ ಪ್ರಯೋಗಾಲಯದಲ್ಲಿ ಒಂಬತ್ತು ವೈದ್ಯಕೀಯ ವಿದ್ಯಾರ್ಥಿಗಳ ಮೂತ್ರ ಪರೀಕ್ಷಿಸಿದರು. ಕಠಿಣ ಪರೀಕ್ಷೆಯ ನಂತರ ನಾಲ್ವರಲ್ಲಿ ಸಕ್ಕರೆ ಕಂಡಿತು. ಸುಲಭದ ಪರೀಕ್ಷೆಯ ನಂತರ ಒಬ್ಬರಲ್ಲಿ ಮಾತ್ರ. ಹಾರ್ವರ್ಡ್‌ನ ಫುಟ್‌ಬಾಲ್ ತಂಡದ 25 ಆಟಗಾರರಲ್ಲಿ ಮಹತ್ವದ ಪಂದ್ಯದ ಬಳಿಕ 12 ಮಂದಿಯಲ್ಲಿ ಸಕ್ಕರೆ ಇತ್ತು. ಅವರಲ್ಲಿ ಐವರು ಮೈದಾನಕ್ಕೆ ಇಳಿದೇ ಇರಲಿಲ್ಲ, ಬದಲಿ ಆಟಗಾರರಾಗಿ ಕುಳಿತಿದ್ದರು.

ತರಗತಿಯಲ್ಲಿ ಸಾಲಾಗಿ ಪ್ರಶ್ನೆ ಕೇಳುತ್ತ ಹೋಗುವಾಗ, ತನ್ನ ಸರದಿಗೆ ಕಾಯುವ ಮಗುವೂ ಆ ಬದಲಿ ಆಟಗಾರನಂತೆಯೇ. ಉತ್ತರಿಸುವ ಮೊದಲೇ ಅದರ ದೇಹ ಸಜ್ಜಾಗಿರುತ್ತದೆ. ಆದರೆ ಅದು ಓಡುವಂತಿಲ್ಲ, ಹೋರಾಡುವಂತಿಲ್ಲ.

ಇಂಥ ಏರಿಕೆ ತಾತ್ಕಾಲಿಕ; ದೇಹ ಮತ್ತೆ ಸಮಸ್ಥಿತಿಗೆ ಬರುತ್ತದೆ. ಈ ಗುಣಕ್ಕೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟವರೂ ಕ್ಯಾನನ್ನರೇ. ಅವರ ನಂತರದ ಸಂಶೋಧಕರು ಹದಿಹರೆಯದವರಿಗೆ ಮನೋಲೆಕ್ಕ ಕೊಟ್ಟು, ಕೈಯನ್ನು ತಣ್ಣೀರಿನಲ್ಲಿ ಇಡಿಸಿ ರಕ್ತದೊತ್ತಡ ಅಳೆದರು. ವರ್ಷಗಳ ಬಳಿಕ ಮತ್ತೆ ಅಳೆದರು. ಒತ್ತಡಕ್ಕೆ ಹೆಚ್ಚು ಏರಿ ನಿಧಾನವಾಗಿ ಇಳಿಯುವವರಲ್ಲಿ ಮುಂದೆ ರಕ್ತದೊತ್ತಡ ಸರಾಸರಿ ತುಸು ಹೆಚ್ಚಿರುವ ಒಲವು ಕಂಡಿದೆ. ಇದು ಹಣೆಬರಹವಲ್ಲ, ವಂಶವಾಹಿ, ತೂಕ, ಉಪ್ಪು, ನಿದ್ದೆ, ವ್ಯಾಯಾಮಗಳ ಪಾಲೂ ಇದೆ. ಆದರೂ ಮಗುವಿನ ಎದೆಬಡಿತವನ್ನು ಇಳಿಯಲು ಬಿಡುವುದು ನಮ್ಮ ಕೈಯಲ್ಲಿರುವ ಸಂಗತಿ.

ಬೋಧನೆಯ ಬಗ್ಗೆಯೂ ಕ್ಯಾನನ್ ಯೋಚಿಸಿದ್ದರು. ಕಾನೂನು ಓದುತ್ತಿದ್ದ ಕೊಠಡಿ ಸಂಗಾತಿಯ ತರಗತಿಗಳ ರೀತಿ ಕಂಡು, ವೈದ್ಯಕೀಯವನ್ನೂ ನಿಜವಾದ ರೋಗಿಗಳ ಪ್ರಕರಣಗಳ ಮೂಲಕ ಕಲಿಸಬೇಕೆಂದು ವಿದ್ಯಾರ್ಥಿಯಾಗಿದ್ದಾಗಲೇ, 1900ರಲ್ಲಿ ಲೇಖನ ಬರೆದರು. 1906ರಿಂದ 1942ರವರೆಗೆ ಹಾರ್ವರ್ಡ್‌ನಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಆರಂಭದ ದಿನಗಳ ಎಕ್ಸ್‌-ಕಿರಣಗಳು ಅವರ ಚರ್ಮವನ್ನು ಸುಟ್ಟು ಕೊನೆಯವರೆಗೂ ಕಾಡಿದವು. 1945ರ ಅಕ್ಟೋಬರ್ 1ರಂದು ತೀರಿಕೊಂಡರು.

ಇದನ್ನು ಓದಿದ ಮೇಲೆ ನನ್ನ ಪಾಠಯೋಜನೆಯಲ್ಲಿ ಮೂರು ಅಂಶ ಸೇರಿಸಿದ್ದೇನೆ. ಕಿರುಪರೀಕ್ಷೆಯ ದಿನವನ್ನು ಮೊದಲೇ ತಿಳಿಸುವುದು. ಪ್ರಶ್ನೆ ಕೇಳಿ, ಎಲ್ಲರಿಗೂ ಯೋಚಿಸಲು ಸಮಯ ಕೊಟ್ಟು, ಆಮೇಲೆ ಉತ್ತರ ಕೇಳುವುದು. ಚಟುವಟಿಕೆಯಾಗಿ, ಅಂಕವಿಲ್ಲದ ಮನೋಲೆಕ್ಕದ ಮೊದಲು, ಮುಗಿದ ಕೂಡಲೇ ಮತ್ತು ಐದು ನಿಮಿಷದ ನಂತರ ಮಕ್ಕಳೇ ತಮ್ಮ ನಾಡಿಯನ್ನು ಒಂದು ನಿಮಿಷ ಎಣಿಸುವುದು. ಮೂರನೆಯ ಎಣಿಕೆಯನ್ನು ಬಿಡಬಾರದು. ಏರಿದ್ದು ಇಳಿಯುತ್ತದೆ ಎಂಬುದನ್ನು ಮಗು ತನ್ನ ಬೆರಳಿನಿಂದಲೇ ಕಲಿಯುವುದು ಅಲ್ಲಿ.